ಗಿಡ್ಡ ಕುದುರೆಗೆ ಪಂಕ್ತಿಭೇದವೇ ಸರಿ

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಮಿನಿಯೇಚರ್ ಕುದುರೆಯ ಮುಂದೆ ನಡೆಯುವುದಿಲ್ಲ. ಹೆಗಲಿನ ಬಳಿ ಎತ್ತರ 34 ಇಂಚು, ತೂಕ 90 ಕೆ.ಜಿ. ಆಸುಪಾಸು, ಬೆನ್ನ ಮೇಲೆ ಹೊರುವುದು ಹೆಚ್ಚೆಂದರೆ 18 ಕೆ.ಜಿ. ಅಂದರೆ ಕಾಲು ನೋಯಿಸಿಕೊಳ್ಳುವ ಹಕ್ಕು ಯುಕೆಜಿ ಮೊಮ್ಮಗನಿಗೆ ಮಾತ್ರ, ಅದೂ ಸ್ಕೂಲ್‌ಬ್ಯಾಗ್ ಕೆಳಗಿಟ್ಟು ಬಂದರೆ.

ಆದರೂ ಕೋಥ್ರೂಡಿನ ಫ್ಲ್ಯಾಟಿನಲ್ಲಿದ್ದುಕೊಂಡು ಮುಳಶಿ ಕಡೆ ಒಂದಿಷ್ಟು ಜಾಗ ಮಾಡಿಕೊಂಡ ಪುಣೆ ಕನ್ನಡಿಗರಿಗೆ ಎರಡು ಆಡು, ಒಂದು ಎಮ್ಮೆ, ನಾಲ್ಕು ಕೋಳಿ ಆದ ಮೇಲೆ ಇದರ ಮೇಲೆಯೇ ಕಣ್ಣು. ತಪ್ಪಿಲ್ಲ. ಕುದುರೆ ಒಂಟಿಯಾಗಿ ಇರಲಾರದು. ಇನ್ನೊಂದು ಕುದುರೆ ಸಿಗದಿದ್ದರೆ ಆಡಿನ ಸಂಗವಾದರೂ ಬೇಕು. ಹೆಣ್ಣನ್ನೋ ಬೀಜ ತೆಗೆಸಿದ ಗಂಡನ್ನೋ ತನ್ನಿ, ಹತ್ತು ದಿನ ಬೇಲಿಯ ಆಚೀಚೆ ಇಟ್ಟು ಮುಖ ಪರಿಚಯ ಮಾಡಿಸಿ, ಮೇಯಲು ಬಿಡಿ. ಹುಲ್ಲಿನಲ್ಲಿ ಜಗಳವಿಲ್ಲ. ಜಗಳ ಇರುವುದು ಬಾನಿಯಲ್ಲಿ. ಪಂಕ್ತಿಭೇದ ಮಹಾಪಾಪ ಎಂದು ಕೇಳುತ್ತ ಬೆಳೆದವರು ನಾವು. ಇಲ್ಲಿ ಎಲ್ಲರನ್ನೂ ಒಂದೇ ಸಾಲಿಗೆ ಕೂರಿಸುವುದೇ ಪಾಪ.

ಮೊದಲ ಆರೋಪಿ ಕೋಳಿಯ ಚೀಲ. ಕೋಳಿಗೂ ಕೆಲವು ಕಡೆ ದನಕ್ಕೂ ತಿನ್ನಿಸುವ ಮಿಶ್ರಣದಲ್ಲಿ ಮೊನೆನ್ಸಿನ್ ಎಂಬ ಔಷಧಿ ಇರುವುದುಂಟು. ಅವಕ್ಕೆ ಅದು ಒಳ್ಳೆಯದೇ. ಕುದುರೆಗೆ ಮಾತ್ರ ಮೈತೂಕದ ಕೆ.ಜಿ.ಗೆ 2-3 ಮಿಲಿಗ್ರಾಂ ಬಿದ್ದರೆ ಹೃದಯದ ಸ್ನಾಯುವೇ ಹಾಳಾಗಿ ಸಾಯಬಹುದು. 90 ಕೆ.ಜಿ.ಯ ಪ್ರಾಣಿಗೆ ಕಾಲು ಗ್ರಾಂ ಸಾಕು ಎಂದಾಯಿತು. ಉಗ್ರಾಣದ ಚಿಲಕ ಹಾಕಿದ್ದೇನೆ ಎಂದು ನಿಶ್ಚಿಂತರಾಗಬೇಡಿ. ಕುದುರೆಯ ಆ ಮೇಲ್ತುಟಿಯಿದೆಯಲ್ಲ, ಅದು ಅರ್ಧ ಬೆರಳಿದ್ದಂತೆ; ಚಿಲಕವನ್ನು ನಿಧಾನಕ್ಕೆ ಸರಿಸಿ, ಬಾಗಿಲು ನೂಕಿ, ನಿಮಗಿಂತ ಮೊದಲು ಒಳಗಿರುತ್ತದೆ. ಚೀಲವನ್ನು ಕೊಂಡಿ ಬಿಗಿಯುವ ಮುಚ್ಚಳದ ಕಬ್ಬಿಣದ ಡ್ರಮ್ಮಿಗೆ ಸುರಿದಿಡಿ. ಎಮ್ಮೆಯ ಹಿಂಡಿ-ದಾಣಿಯೂ ಕುದುರೆಗೆ ಬೇಡ. ಮರಾಠಿ ಆಳಿಗೆ ‘ಹಿಂಡಿ ಬೇಡ’ ಎಂದರೆ ಅವನು ಹಿಂದಿ ಬೇಡವೆಂದು ತಿಳಿದು ಶುದ್ಧ ಮರಾಠಿಯಲ್ಲಿ ‘ಹೋ’ ಎಂದು, ಹಿಂಡಿಯನ್ನೇ ಹಾಕಿಯಾನು. ‘ಪೇಂಡ್ ನಕೋ’ ಎನ್ನಿ.

ಆಡಿನ ಬಾನಿಗೆ ಕುದುರೆ ಬಾಯಿ ಹಾಕದಂತೆ ಮಾಡುವುದು ಬೇರೆ ಕಥೆ. ದೊಡ್ಡ ಕುದುರೆಯಾಗಿದ್ದರೆ ಕಿಂಡಿ ಸಣ್ಣದು ಮಾಡಿ ಆಡನ್ನಷ್ಟೇ ಒಳಗೆ ಬಿಡಬಹುದಿತ್ತು. ಈ ಗಿಡ್ಡ ಮಹಾಶಯ ಆಡು ನುಗ್ಗಿದಲ್ಲೆಲ್ಲ ನುಗ್ಗುತ್ತಾನೆ. ಉಪಾಯ ಮೇಲ್ಗಡೆ ಇದೆ: ಆಡು ಹತ್ತುತ್ತದೆ, ಕುದುರೆ ಹತ್ತದು. ನಾಲ್ಕಡಿ ಎತ್ತರದ ಕಟ್ಟೆ, ಏರಲು ನಡುವೆ ಒಂದು ಮೆಟ್ಟಿಲುಗಲ್ಲು, ಅಂಚಿನಿಂದ ಎರಡಡಿ ಒಳಗೆ ಬಾನಿ. ಅಂಚಿಗೇ ಇಟ್ಟರೆ ಕುದುರೆ ಕೆಳಗಿನಿಂದಲೇ ಕತ್ತು ಚಾಚಿ ಎಲ್ಲವನ್ನೂ ನೆಕ್ಕಿ ಮುಗಿಸುತ್ತದೆ.

ಇನ್ನು ಕುದುರೆಮಸಾಲೆ ಎಂಬ ಹಸಿರು ಮೇವು. ಹೆಸರು ನಂಬಬೇಡಿ. ಇಲ್ಲಿಯವರು ಇದನ್ನೇ ಲಸೂಣ್‌ಘಾಸ್ ಎನ್ನುತ್ತಾರೆ. ಅದರಲ್ಲಿ ಬೆಳ್ಳುಳ್ಳಿಯೂ ಇಲ್ಲ, ಇದರಲ್ಲಿ ಮಸಾಲೆಯೂ ಇಲ್ಲ. ಹಾಲು ಕೊಡುವ ಎಮ್ಮೆಗೆ ಸಲ್ಲುವ ಭೂರಿಭೋಜನ ಅದು. ಕೆಲಸವಿಲ್ಲದ ಗಿಡ್ಡ ಕುದುರೆಗೆ ದಿನಕ್ಕೆ ಒಂದೂವರೆ ಕೆ.ಜಿ. ಒಣಹುಲ್ಲು ಸಾಕು, ಹೊರಗೆ ಮೇಯ್ದಷ್ಟು ಅದರಲ್ಲಿ ಕಡಿತ. ಮೃಗಶಿರಾ ಮಳೆ ಹೊಯ್ದು ಎಳೆಹುಲ್ಲು ಎದ್ದಾಗಲೇ ಅಪಾಯ. ಮಿತಿಮೀರಿ ಮೇಯ್ದರೆ ಗೊರಸಿನೊಳಗೆ ಉರಿಯೂತ ಎದ್ದು, ಮುಂಗಾಲು ಮುಂದೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕಾದ ಹೆಂಚಿನ ಮೇಲೆ ನಿಂತಂತೆ ನಿಲ್ಲುತ್ತದೆ. ಆಗ ಪಶುವೈದ್ಯರಿಗೆ ಫೋನು ಮಾಡಬೇಕೇ ಹೊರತು ನಾಳೆ ನೋಡೋಣ ಎನ್ನಬಾರದು. ಅದಕ್ಕೂ ಮುಂಚೆಯೇ, ರಾಶಿಯ ಕಣದಲ್ಲಿ ಎತ್ತಿಗೆ ಕಟ್ಟುತ್ತಿದ್ದರಲ್ಲ, ಅಂಥ ಬಾಯಿಕುಕ್ಕೆ ಕಟ್ಟಿ. ಅಡಿಯಲ್ಲಿ ಒಂದು ತೂತಿರಲಿ, ನೀರು ಕುಡಿಯಲು, ನಾಲ್ಕು ಎಸಳು ಕೀಳಲು. ದಪ್ಪಗಾಯಿತೆಂದು ಏಕಾದಶಿ ಮಾತ್ರ ಮಾಡಿಸಬೇಡಿ. ಈ ಜಾತಿ ಪೂರ್ತಿ ಉಪವಾಸ ಬಿದ್ದರೆ ಮೈಕೊಬ್ಬು ಕರಗಿ ರಕ್ತಕ್ಕಿಳಿದು ಯಕೃತ್ತು ಕೆಡುತ್ತದೆ.

ಭಾನುವಾರದ ನೆಂಟರು ಭಾಕರವಡಿ ಹಿಡಿದು ಬೇಲಿಯ ಬಳಿ ನಿಲ್ಲುತ್ತಾರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಎಂದು ನಗುನಗುತ್ತಲೇ ಹೇಳಿ, ಪೊಟ್ಟಣ ಇಸಿದುಕೊಳ್ಳಿ.

ಕುರಿಯೂ ಇದ್ದರೆ ಭೇದ ತಿರುಗುಮುರುಗು: ಕುದುರೆಯ ಖನಿಜ ಮಿಶ್ರಣದಲ್ಲಿರುವ ತಾಮ್ರ ಕುರಿಗೆ ವಿಷ. ಎಲ್ಲರಿಗೂ ಒಟ್ಟಿಗೆ ಇಡಬಹುದಾದದ್ದು ಬರೀ ಬಿಳಿ ಉಪ್ಪಿನ ಗಟ್ಟಿ ಒಂದೇ. ರಾತ್ರಿ ಕುದುರೆ, ಆಡು ಎರಡೂ ಮಾಡು ಮುಚ್ಚಿದ ಕೊಟ್ಟಿಗೆಯೊಳಗೇ ಇರಬೇಕು. ಇದೇ ಪುಣೆ ಜಿಲ್ಲೆಯ ಜುನ್ನರ ಕಡೆಯ ಕಬ್ಬಿನ ಗದ್ದೆಯ ಚಿರತೆಗೆ ತಳಿಯ ಬೆಲೆ ಗೊತ್ತಿರುವುದಿಲ್ಲ.

ಜಂತಿನ ಔಷಧಿ ಕೊಡುವ ಮುನ್ನ ತೂಕ ನೋಡಲೇಬೇಕು. ಕಣ್ಣಂದಾಜಿಗೆ ಈ ಗಾತ್ರದಲ್ಲಿ ಮೋಸ ಜಾಸ್ತಿ. ಗುಜರಿ ಅಂಗಡಿಯ ಕಾಟಾ ಸಾಕು, ಅಗಲದ ಹಲಗೆ, 150 ಕೆ.ಜಿ.ವರೆಗೆ ತೂಗುತ್ತದೆ. ಆಡನ್ನು ಮಾತ್ರ ಮನೆಯಲ್ಲೇ ಕಟ್ಟಿ ಬನ್ನಿ. 30 ಕೆ.ಜಿ. ಆಡು ಬೆನ್ನೇರಿ ನಿಂತಾಗ ತೂಗಿದರೆ ಔಷಧಿಯೂ ಹೆಚ್ಚು, ಬೆನ್ನಿಗೂ ನೋವು. 18 ಕೆ.ಜಿ.ಯ ಮಿತಿ ಮೊಮ್ಮಗನಿಗೆ ಹೇಳಬಹುದು. ಆಡಿಗೆ ಹತ್ತಲು ಹಳೇ ಲಾರಿ ಟೈರು ಪೇರಿಸಿಡಬೇಕು.