ಡಬ್ಬಿ ತುಂಬ ಫ್ಲೈ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಪೂರ್ವದ ಮಗ್ಗುಲಲ್ಲಿ, 395ನೇ ಹೆದ್ದಾರಿಗೆ ಹತ್ತಿರದ ಯಾವ ಹಳ್ಳದ ದಡಕ್ಕೆ ಹೋದರೂ, ಜುಲೈ ಆಗಸ್ಟ್ ತಿಂಗಳುಗಳಲ್ಲಿ ವಿದ್ಯಾವಂತರೂ ಸಂಸಾರಸ್ಥರೂ ಆದ ಕೆಲವರು ಮೊಣಕಾಲುದ್ದದ ತಣ್ಣೀರಿನಲ್ಲಿ ನಿಂತು, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆರೆದು ಅದರೊಳಗೆ ಬಹಳ ಹೊತ್ತು ಇಣುಕುತ್ತಿರುವುದು ಕಾಣಿಸುತ್ತದೆ. ಅವರು ಮೀನು ಹಿಡಿಯುತ್ತಿಲ್ಲ, ಫ್ಲೈ ಆರಿಸುತ್ತಿದ್ದಾರೆ. ಗರಿ, ರೋಮ, ದಾರ, ತಾಮ್ರದ ತಂತಿಗಳನ್ನು ಪುಟ್ಟ ಕೊಕ್ಕೆಯೊಂದಕ್ಕೆ ಸುತ್ತಿ, ಟ್ರೌಟ್ ಮೀನಿನ ಕಣ್ಣಿಗೆ ಹುಳುವಿನಂತೆ ತೋರಲಿ ಎಂಬ ಆಸೆಯಿಂದ ಕಟ್ಟಿದ ವಸ್ತುವೇ ಫ್ಲೈ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ನೆಲೆಸಿರುವ ನಾನು ಮತ್ತು ನನ್ನ ಭಾವಮೈದುನ, ಆ ಪರ್ವತಗಳನ್ನು ದಾಟಿಸುವ ಟೈಯೋಗಾ ಘಾಟಿಯ ಹಿಮ ಸರಿದು ರಸ್ತೆ ತೆರೆದೊಡನೆ, ಈ ಇಣುಕುವವರ ಗುಂಪಿಗೆ ಸೇರಿಕೊಳ್ಳುತ್ತೇವೆ.

ಇದು ನಮ್ಮ ಮನೆಯಲ್ಲಿ ಒಪ್ಪಿಗೆ ಪಡೆದ ಹವ್ಯಾಸವಲ್ಲ. ನಾವು ಮೀನು ತಿನ್ನುವವರಲ್ಲವಾದ್ದರಿಂದ, ಸಿಕ್ಕಿದ್ದನ್ನು ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೇ ಬಿಡುತ್ತೇವೆ. “ತಿನ್ನೋದಿಲ್ಲ, ಮಾರೋದಿಲ್ಲ, ಸಾಕೋದೂ ಇಲ್ಲ. ಹಿಡಿದು ಬಿಡೋದಕ್ಕೆ ಸರ್ಕಾರಕ್ಕೆ ದುಡ್ಡು ಕಟ್ಟಿ ಲೈಸೆನ್ಸ್ ಬೇರೆ ತಗೋತೀರಿ. ಹಿಡಿಯದೇ ಇದ್ದರೆ ಆ ಬಿಡೋ ಕೆಲಸವೂ ಉಳಿಯುತ್ತಲ್ಲ?” ಎಂಬುದು ನನ್ನ ಹೆಂಡತಿಯ ವಾದ. ಎಷ್ಟೋ ಸಲ ನಾವು ಆಕೆಯ ಸಲಹೆಯನ್ನು ಅಕ್ಷರಶಃ ಪಾಲಿಸಿ ಮನೆಗೆ ಮರಳಿದ್ದೇವೆ.

ಫ್ಲೈ ಆರಿಸುವುದಕ್ಕೆ ಒಂದು ಶಾಸ್ತ್ರವಿದೆ, ಮತ್ತು ಅದು ತರ್ಕಬದ್ಧವಾಗಿಯೇ ಇದೆ. ಹಳ್ಳದ ಟ್ರೌಟ್ ಪ್ರವಾಹಕ್ಕೆ ಎದುರಾಗಿ, ಬಂಡೆಯ ಮರೆಯಲ್ಲಿ ನಿಂತು, ನೀರು ಹೊತ್ತು ತಂದದ್ದನ್ನು ಗಮನಿಸುತ್ತಿರುತ್ತದೆ. ತೇಲಿ ಬರುತ್ತಿರುವುದು ಹುಳುವೋ ಕಡ್ಡಿಯೋ ಎಂದು ತೀರ್ಮಾನಿಸಲು ಅದಕ್ಕಿರುವುದು ಕ್ಷಣಮಾತ್ರ. ಹಿಂದೆ ಮುಂದೆ ನೋಡುತ್ತ ಕುಳಿತರೆ ಊಟ ಕೆಳಗಿನ ಬಂಡೆಯ ಮೀನಿನ ಪಾಲಾಗುತ್ತದೆ. ಎತ್ತರದ ಬೆಟ್ಟಗಳಲ್ಲಿ ಮೈತುಂಬಿಕೊಳ್ಳಲು ಸಿಗುವ ಬೇಸಿಗೆಯೂ ಮೋಟು. ಆದ್ದರಿಂದ ಹಳ್ಳದ ಮೀನು ಮೊದಲು ಬಾಯಿ ಹಾಕಿ ಆಮೇಲೆ ಯೋಚಿಸುತ್ತದೆ. ಸರೋವರದಲ್ಲಾದರೋ ನೀರು ನಿಂತಿರುತ್ತದೆ, ಮೀನೇ ಸುತ್ತಾಡುತ್ತದೆ. ಅದು ಫ್ಲೈಯ ಬಳಿಗೆ ಬಂದು, ಎಡದಿಂದ ನೋಡಿ, ಬಲದಿಂದ ನೋಡಿ, ತುಸು ಹಿಂದೆ ಸರಿದು ಮತ್ತೊಮ್ಮೆ ನೋಡಿ, ಉಪ್ಪಿಟ್ಟು ಕಾಫಿ ಮುಗಿಸಿ ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಎದ್ದುಹೋಗುವ ಗಂಡಿನ ಕಡೆಯವರಂತೆ ಹೊರಟುಬಿಡುತ್ತದೆ.

ಈ ಶಾಸ್ತ್ರದ ಪ್ರಕಾರ, ಹಳ್ಳಕ್ಕೆ ಹೋಗುವವನಿಗೆ ಎರಡು ಮೂರು ಬಗೆಯ ಫ್ಲೈ ಸಾಕು, ಎಚ್ಚರಿಕೆಯ ಆಯ್ಕೆಯೆಲ್ಲ ಸರೋವರಕ್ಕೆ ಮೀಸಲಾಗಬೇಕು. ನಮ್ಮ ಡಬ್ಬಿಗಳ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿದೆ. ಹಳ್ಳದ ಡಬ್ಬಿಯಲ್ಲಿ ಹಳದಿ, ಕೇಸರಿ, ಹಸಿರು ಬಣ್ಣಗಳ ಜಾತ್ರೆಯೇ ನೆರೆದಿದೆ. ಸರೋವರದ ಡಬ್ಬಿಯಲ್ಲಿ ಎಳ್ಳಿನ ಕಾಳನ್ನು ಹೋಲುವ ಕಪ್ಪು ಚುಕ್ಕಿಗಳು ಮೂಲೆಯಲ್ಲಿ ಮುದುಡಿ ಕುಳಿತಿವೆ. ಒಂದಕ್ಕೆ ಎರಡು ಮೂರು ಡಾಲರ್ ತೆರುವಾಗ ಯಾರಿಗಾದರೂ ಕಣ್ಣಿಗೆ ಕಾಣುವಂಥದ್ದನ್ನೇ ಕೊಳ್ಳಬೇಕೆನಿಸುವುದು ಸಹಜ.

ಬಣ್ಣದ ವ್ಯರ್ಥತೆಗೆ ಆ್ಯಡಮ್ಸ್ ಎಂಬ ಫ್ಲೈಗಿಂತ ದೊಡ್ಡ ಸಾಕ್ಷಿಯಿಲ್ಲ. 1922ರಲ್ಲಿ ಮಿಷಿಗನ್ನಿನ ಲೆನ್ ಹ್ಯಾಲಡೇ ಎಂಬಾತ ಇದನ್ನು ಮೊದಲು ಕಟ್ಟಿ, ಅದನ್ನು ನೀರಿಗೆ ಹಾಕಿ ಗೆದ್ದ ತನ್ನ ಗೆಳೆಯ ಚಾರ್ಲ್ಸ್ ಆ್ಯಡಮ್ಸನ ಹೆಸರನ್ನೇ ಇಟ್ಟ. ಬೂದುಬಣ್ಣದ ಮೈ, ಕಂದು ಮತ್ತು ಬೂದು ಗರಿಯ ಕೊರಳು. ಧೂಳು ಒರೆಸಿ ಬಿಸುಟ ಬಟ್ಟೆಯ ಚೂರಿನಂತಿರುವ ಇದು ಇಂಥದೇ ಹುಳು ಎಂದು ಹೇಳುವಂತಿಲ್ಲ. ಯಾವ ಹುಳುವನ್ನೂ ನಿರ್ದಿಷ್ಟವಾಗಿ ಹೋಲದಿರುವುದರಿಂದಲೇ ಎಲ್ಲ ಹುಳುಗಳನ್ನೂ ಒಂದಿಷ್ಟು ಹೋಲುತ್ತದೆ. ನಮ್ಮಲ್ಲಿ ಇದು ಯಾವಾಗಲೂ ಕೊನೆಗೆ ಹೊರಬರುತ್ತದೆ, ಏಕೆಂದರೆ ಇದನ್ನು ಮೊದಲೇ ದಾರಕ್ಕೆ ಕಟ್ಟಿಬಿಟ್ಟರೆ ಡಬ್ಬಿಯಲ್ಲಿರುವ ಉಳಿದದ್ದನ್ನೆಲ್ಲ ಏಕೆ ಕೊಂಡೆವು ಎಂಬ ಪ್ರಶ್ನೆ ಏಳುತ್ತದೆ.

ರಾಕ್ ಕ್ರೀಕ್ ಎಂಬ ಹಳ್ಳದ ಮೇಲ್ಭಾಗದಲ್ಲಿ, ಸುಮಾರು 3,100 ಮೀಟರ್ ಎತ್ತರದಲ್ಲಿ, ಮೊಸ್ಕಿಟೊ ಫ್ಲ್ಯಾಟ್ ಎಂಬ ಸ್ಥಳವಿದೆ. ಅಲ್ಲಿಂದ ಮೇಲಕ್ಕೆ ನಡೆದರೆ ಸಾಲು ಸಾಲಾಗಿ ಸಣ್ಣ ಸರೋವರಗಳು, ಅವುಗಳ ನಡುನಡುವೆ ಹಳ್ಳ. ಹಾಗಾಗಿ ಒಂದೇ ಬೆಳಗಿನಲ್ಲಿ ಎರಡೂ ಡಬ್ಬಿಗಳನ್ನು ತೆರೆಯುವ ಭಾಗ್ಯ. ಸ್ಥಳಕ್ಕೆ ಸೊಳ್ಳೆಯ ಹೆಸರನ್ನು ಇಟ್ಟವರು ಉತ್ಪ್ರೇಕ್ಷೆ ಮಾಡುವ ಜನವಲ್ಲವೆಂಬುದು ಕಾರಿನ ಬಾಗಿಲು ತೆರೆದ ಕೂಡಲೇ ಅರಿವಾಗುತ್ತದೆ. ಭಾವಮೈದುನನು ಇಲ್ಲಿ ಸೊಳ್ಳೆಯನ್ನು ಅನುಕರಿಸುವ ಫ್ಲೈಯೇ ಸರಿ ಎಂದು ನಿರ್ಧರಿಸಿ, ಕೊಕ್ಕೆ ಹದಿನಾಲ್ಕರ ಅಳತೆಯದೋ ಹದಿನಾರರದೋ ಎಂದು ಡಬ್ಬಿಯಲ್ಲಿ ಹುಡುಕುತ್ತಿರುವಷ್ಟು ಹೊತ್ತೂ, ಅಸಲಿ ಸೊಳ್ಳೆಗಳು ಯಾವ ಗೊಂದಲವೂ ಇಲ್ಲದೆ ಅವನ ಕಿವಿ, ಕುತ್ತಿಗೆ, ಬೆರಳ ಗೆಣ್ಣುಗಳನ್ನು ಆರಿಸಿಕೊಂಡವು. ಎರಡೂ ಕೈಗಳಲ್ಲಿ ಸಾಮಾನು ಹಿಡಿದವನು ಹೊಡೆದುಕೊಳ್ಳುವಂತಿಲ್ಲ. “ಭಾವ, ಇವುಗಳಲ್ಲೇ ಒಂದನ್ನ ಕೊಕ್ಕೆಗೆ ಸಿಕ್ಕಿಸಿಬಿಡೋಣವಾ?” ಎಂದ. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಹೇಳಿದ್ದರಿಂದ ಅದು ಬೈಗುಳದಂತೆ ಕೇಳಿಸಿತು.

ಅಲ್ಲಿನ ಹಳ್ಳದ ಬ್ರೂಕ್ ಟ್ರೌಟ್‌ಗಳು ಗೇಣುದ್ದದವು, ಮತ್ತು ಸಭ್ಯತೆಯುಳ್ಳವು. ಮುಂದಿಟ್ಟದ್ದನ್ನು ಹೆಚ್ಚಾಗಿ ತಿರಸ್ಕರಿಸುವುದಿಲ್ಲ. ಇವು ಅಮೆರಿಕದ ಪೂರ್ವ ಭಾಗದಿಂದ ತಂದು ಬಿಟ್ಟವುಗಳ ಸಂತಾನ. ಕಂದು ಟ್ರೌಟ್‌ನ ಮೂಲ ಯೂರೋಪ್. ಎತ್ತರದ ಬಹುತೇಕ ಸರೋವರಗಳಲ್ಲಿ ಮೊದಲು ಮೀನೇ ಇರಲಿಲ್ಲ. ಹೇಸರಗತ್ತೆಗಳ ಮೇಲೆ ಹೊತ್ತು, ಆಮೇಲೆ ವಿಮಾನದಿಂದ ಸುರಿದು ತುಂಬಿಸಿದರು, ಅದರಿಂದ ಅಲ್ಲಿನ ಕಪ್ಪೆಗಳಿಗೆ ಕುತ್ತು ಬಂದದ್ದು ಬೇರೆಯ ಮಾತು. ಹೀಗೆ ವಲಸೆ ಬಂದವರಿಬ್ಬರು ವಲಸೆ ಬಂದ ಮೀನನ್ನು ಮರುಳು ಮಾಡಲು ನಿಂತಿರುವಾಗ, ಮೀನಿನ ಕಡೆ ಒಂದು ಅನುಕೂಲವಿದೆ: ಅದು ವೀಸಾ ನವೀಕರಿಸಬೇಕಾಗಿಲ್ಲ.

ಆಗಸ್ಟ್ ಬಂತೆಂದರೆ ದಡದ ಹುಲ್ಲಿನಿಂದ ಮಿಡತೆ, ಇರುವೆ, ಜೀರುಂಡೆಗಳು ಗಾಳಿಗೆ ಹಾರಿ ನೀರಿಗೆ ಬೀಳತೊಡಗುತ್ತವೆ. ಈ ಕಾಲಕ್ಕೆ ಕಪ್ಪಿರುವೆಯ ಫ್ಲೈಯೊಂದಿದ್ದರೆ ಸಾಕೆಂಬುದು ನನ್ನ ಅಭಿಪ್ರಾಯ. ಭಾವಮೈದುನನದು ಜೋಡಿ ಪದ್ಧತಿ: ಮೇಲೆ ತೇಲುವ ದೊಡ್ಡ ಮಿಡತೆ, ಅದರ ಕೊಕ್ಕೆಯಿಂದ ಮೊಳದುದ್ದದ ದಾರ ಇಳಿಬಿಟ್ಟು ತುದಿಗೆ ನೀರೊಳಗಿನ ಮರಿಹುಳುವಿನ ಫ್ಲೈ. ಮೇಲಿನದನ್ನು ಒಲ್ಲದ ಮೀನು ಕೆಳಗಿನದನ್ನಾದರೂ ತಿಂದೀತೆಂಬ ಈ ಯೋಜನೆ ಕಾಗದದ ಮೇಲೆ ಚೆನ್ನಾಗಿದೆ. ಬೀಸುವಾಗ ಮಾತ್ರ ಎರಡು ಕೊಕ್ಕೆಗಳು ಎರಡು ದಿಕ್ಕಿನ ಪ್ರಯಾಣ ಕೈಗೊಳ್ಳುತ್ತವೆ. ಒಮ್ಮೆ ಮಿಡತೆಯು ಹಿಂದಿನ ವಿಲ್ಲೋ ಪೊದೆಯನ್ನೂ ಮರಿಹುಳು ಅವನದೇ ಟೋಪಿಯನ್ನೂ ಏಕಕಾಲಕ್ಕೆ ಹಿಡಿದುಕೊಂಡದ್ದರಿಂದ, ಅವನು ಪೊದೆಗೆ ನಮಸ್ಕರಿಸುವ ಭಂಗಿಯಲ್ಲಿ ಬಾಗಿ ನಿಲ್ಲಬೇಕಾಯಿತು. ನಾನು ದಾರ ಕತ್ತರಿಸಿ ಬಿಡಿಸುವಾಗ ಆ ದಾರಿಯಲ್ಲಿ ನಡೆದುಹೋಗುತ್ತಿದ್ದ ವೃದ್ಧ ದಂಪತಿ, ಹಿಡಿದದ್ದು ಎಷ್ಟು ದೊಡ್ಡದು ಎಂದು ಬಹಳ ಪ್ರೀತಿಯಿಂದ ವಿಚಾರಿಸಿದರು.

ಇನ್ನು ಸರೋವರ. ಲಾಸ್ ಏಂಜಲೀಸ್ ನಗರದ ನೀರಿಗಾಗಿ ಓವೆನ್ಸ್ ನದಿಗೆ ಅಣೆ ಕಟ್ಟಿದಾಗ, 1941ರಲ್ಲಿ, ರೂಪುಗೊಂಡದ್ದು ಕ್ರೌಲಿ ಸರೋವರ. ಅಲ್ಲಿನ ಕೊಬ್ಬಿದ ಟ್ರೌಟ್‌ಗಳ ಬೇಸಿಗೆಯ ಆಹಾರದಲ್ಲಿ ದೊಡ್ಡ ಪಾಲು ಮಿಜ್ ಎಂಬ ಕೀಟದ್ದು. ಸೊಳ್ಳೆಯ ದಾಯಾದಿಯಾದರೂ ಕಚ್ಚದ ಈ ಸಾಧುಜೀವಿಯ ಮರಿ ಕೆಸರಿನಲ್ಲಿ ಬೆಳೆದು, ಕೋಶಾವಸ್ಥೆಯಲ್ಲಿ ನಿಧಾನವಾಗಿ ಮೇಲೇರಿ, ನೀರಿನ ಮೇಲ್ಮೈಯಲ್ಲಿ ರೆಕ್ಕೆ ಬಿಚ್ಚಿ ಹಾರುತ್ತದೆ. ಅದರ ಫ್ಲೈ ಎಂದರೆ ಕೊಕ್ಕೆಗೆ ಸುತ್ತಿದ ಕಪ್ಪು ದಾರ, ಅದರ ಮೇಲೆ ಬೆಳ್ಳಿಯ ಬಣ್ಣದ ತಂತಿ, ತಲೆಗೊಂದು ಮಣಿ. ಅಷ್ಟೇ. ಕೊಕ್ಕೆಗಳ ಲೋಕದಲ್ಲಿ ಸಂಖ್ಯೆ ಏರಿದಂತೆ ಗಾತ್ರ ಇಳಿಯುತ್ತದೆ. ಹನ್ನೆರಡರ ಕೊಕ್ಕೆ ಕಣ್ಣಿಗೆ ಕಾಣುತ್ತದೆ, ಇಪ್ಪತ್ತರ ಕೊಕ್ಕೆಯನ್ನು ನಂಬಿಕೆಯ ಮೇಲೆ ಹಿಡಿದುಕೊಳ್ಳಬೇಕು. ಅದರ ಕಿವಿಗೆ ಪೋಣಿಸಬೇಕಾದ ದಾರದ ದಪ್ಪ ಒಂದು ಮಿಲಿಮೀಟರಿನ ಏಳನೇ ಅಥವಾ ಎಂಟನೇ ಒಂದು ಭಾಗ. ಚಾಳೀಸು ಬಂದವನು ಅಲುಗಾಡುವ ದೋಣಿಯಲ್ಲಿ ಕುಳಿತು ಮಾಡುವ ಕೆಲಸ ಇದಲ್ಲ. ದೂರದೃಷ್ಟಿಯ ಕನ್ನಡಕ ಹಾಕಿದರೆ ನೀರು ಕಾಣುತ್ತದೆ, ಕೊಕ್ಕೆ ಮಾಯ. ಓದುವ ಕನ್ನಡಕ ಹಾಕಿದರೆ ಕೊಕ್ಕೆ ಕಾಣುತ್ತದೆ, ಆದರೆ ಪಕ್ಕದ ದೋಣಿ ಎಷ್ಟು ಸಮೀಪ ಬಂದಿದೆ ಎಂಬುದು ಅವರ ಕೂಗಿನಿಂದಲೇ ತಿಳಿಯಬೇಕು.

ಈ ಫ್ಲೈಯನ್ನು ತಳದಿಂದ ಸುಮಾರು ಒಂದು ಅಡಿ ಮೇಲೆ ತೂಗುಬಿಡುವುದು ಅಲ್ಲಿನ ಕ್ರಮ. ಅದಕ್ಕೆ ಆಳ ತಿಳಿಯಬೇಕು. ಆಳ ತಿಳಿಯಲು ಕೊಕ್ಕೆ ಬಿಡಿಸುವ ಇಕ್ಕಳವನ್ನು ಫ್ಲೈಗೆ ಕಚ್ಚಿಸಿ ನೀರಿಗೆ ಇಳಿಬಿಟ್ಟು, ಅದು ತಳ ತಾಕಿದಾಗ ದಾರವು ನೀರಿನ ಮೇಲ್ಮೈಯನ್ನು ಮುಟ್ಟುವ ಜಾಗಕ್ಕಿಂತ ಒಂದು ಅಡಿ ಕೆಳಗೆ ದಾರಕ್ಕೆ ತೇಲುವ ಬೆಂಡು ಸಿಕ್ಕಿಸುತ್ತಾರೆ. ಭಾವಮೈದುನನು ಇಳಿಬಿಟ್ಟ ಇಕ್ಕಳ ಅರ್ಧ ದಾರಿಯಲ್ಲಿ ಹಿಡಿತ ಸಡಿಲಿಸಿ ಏಕಾಂಗಿಯಾಗಿ ಮುಂದುವರಿಯಿತು. ಅದು ತಳ ಮುಟ್ಟಿದ್ದು ಖಚಿತ. ತಳ ಎಷ್ಟು ಆಳದಲ್ಲಿದೆ ಎಂಬುದು ಮಾತ್ರ ತಿಳಿಯಲಿಲ್ಲ. ಅಷ್ಟರಲ್ಲಿ ಮಧ್ಯಾಹ್ನದ ಗಾಳಿ ಎದ್ದು, ಲಂಗರು ಜಾರಿ, ಆಳದ ಪ್ರಶ್ನೆಯೇ ಅಪ್ರಸ್ತುತವಾಯಿತು. ಹಿಂದಿರುಗುವಾಗ ವೂಲಿ ಬಗರ್ ಎಂಬ ಫ್ಲೈಯನ್ನು ಸುಮ್ಮನೆ ದೋಣಿಯ ಹಿಂದೆ ಎಳೆದುಕೊಂಡು ಬಂದೆವು. ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಬೇರೊಂದು ಜಾತಿಯ ಮೀನಿಗಾಗಿ ಕಟ್ಟಿದ, ಸ್ನಾನದ ಮನೆಯ ಜಾಲರಿಯಿಂದ ತೆಗೆದ ಕೂದಲಿನ ಮುದ್ದೆಯನ್ನು ನೆನಪಿಸುವ ಈ ರೂಪಕ್ಕೆ ಆ ದಿನದ ಏಕೈಕ ಮೀನು ಒಲಿಯಿತು.

ಇಷ್ಟಾದ ಮೇಲೆ ಭಾವಮೈದುನನಿಗೆ ಫ್ಲೈಗಳನ್ನು ತಾನೇ ಕಟ್ಟಬೇಕೆಂಬ ಹಂಬಲ ಹುಟ್ಟಿತು. ಅನೇಕ ಫ್ಲೈಗಳ ಮೈಗೆ ನವಿಲುಗರಿಯ ಎಳೆಯನ್ನು ಸುತ್ತುತ್ತಾರೆ. ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯ ಕತ್ತಿನ ಚುಕ್ಕೆಗರಿಗಂತೂ ಬ್ರಿಟಿಷರ ಸಾಲ್ಮನ್ ಫ್ಲೈಗಳಲ್ಲಿ ರಾಜಮರ್ಯಾದೆಯಿತ್ತು. “ಅಜ್ಜಿ ಮನೆ ತೋಟದಲ್ಲಿ ನವಿಲುಗರಿ ಬಿದ್ದಿರುತ್ತೆ ಭಾವ, ಈ ಸಲ ಹೋದಾಗ ಒಂದು ಕಟ್ಟು ತರ್ತೀನಿ” ಎಂದ. ಇವೆರಡನ್ನೂ ಭಾರತದಿಂದ ಹೊರಗೆ ಒಯ್ಯುವುದಕ್ಕೆ ನಿಷೇಧವಿದೆಯೆಂದು ತಿಳಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ನನ್ನ ಹೆಂಡತಿಯ ರೇಷ್ಮೆ ಸೀರೆಯೊಂದರ ಕುಚ್ಚಿನ ಬಣ್ಣ ಮಿಡತೆಗೆ ಬಹಳ ಹೊಂದುತ್ತದೆ ಎಂದ. ಆ ಮಾತನ್ನು ನಾನು ಅಲ್ಲಿಗೇ ನಿಲ್ಲಿಸಿದೆ.

ಮ್ಯಾಮತ್ ಲೇಕ್ಸ್ ಊರಿನ ಸಮೀಪದ ಹಾಟ್ ಕ್ರೀಕ್ ಎಂಬ ಹಳ್ಳಕ್ಕೆ ಮೇಲಿನ ಶಾಸ್ತ್ರ ಅನ್ವಯಿಸುವುದಿಲ್ಲ. ಅಲ್ಲಿ ಕೃತಕ ಫ್ಲೈಯನ್ನು, ಅದೂ ಮುಳ್ಳಿಲ್ಲದ ಕೊಕ್ಕೆಯಲ್ಲಿ, ಮಾತ್ರ ಬಳಸಬೇಕು, ಹಿಡಿದದ್ದನ್ನೆಲ್ಲ ಬಿಡಬೇಕು. ಬಿಟ್ಟ ಮೀನು ಕಲಿಯುತ್ತದೆ. ಅಲ್ಲಿನ ಟ್ರೌಟ್‌ಗಳು ಅಂಗಡಿಯ ಕಪಾಟನ್ನು ನಮಗಿಂತ ಚೆನ್ನಾಗಿ ಬಲ್ಲವು, ಬಿಸಿನೀರಿನ ಬುಗ್ಗೆಗಳಿರುವ ಕಣಿವೆಯಲ್ಲಿ ನಮ್ಮ ಕಾಲ ಬಳಿಯೇ ಈಜಾಡುತ್ತ ನಮ್ಮನ್ನು ಪರೀಕ್ಷಿಸುತ್ತವೆ. ಹಿಂದಿನ ಸಂಜೆ ಅಂಗಡಿಯಾತ ಹೇಳಿದ್ದನ್ನೆಲ್ಲ ದಾರಕ್ಕೆ ಕಟ್ಟಿ ನೋಡಿದೆವು. ಹದಿನೆಂಟು ಬಿಟ್ಟು ಇಪ್ಪತ್ತಕ್ಕೆ ಇಳಿದೆವು, ದಾರ ಇನ್ನೂ ತೆಳುವಾಯಿತು, ಕಂದು ಹೋಗಿ ಬೂದು ಬಂತು. ಕೊನೆಗೆ ನೀರಿನ ಕಲ್ಲೊಂದನ್ನು ಮಗುಚಿ, ಅದರಡಿ ಇದ್ದ ಮರಿಹುಳುವನ್ನು ಭೂತಗನ್ನಡಿಯಲ್ಲಿ ನೋಡಿ, ಅದರದೇ ಬಣ್ಣದ, ಅದರದೇ ಅಳತೆಯ ಫ್ಲೈಯನ್ನು ಕಟ್ಟಿ, ಅದಕ್ಕೆ ಮೇಲೊಂದು ಕಿತ್ತಳೆ ಬಣ್ಣದ ಬೆಂಡು ಸಿಕ್ಕಿಸಿ ಭಾವಮೈದುನನು ಬೀಸಿದ. ಎಲ್ಲಿಂದಲೋ ಒಂದು ಕಂದು ಟ್ರೌಟ್ ಬಾಣದಂತೆ ಮೇಲೆದ್ದು ಬೆಂಡನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡು, ಕೆಳಗೆಳೆದು, ಉಗುಳಿತು. ಮತ್ತೆ ಬೀಸಿದ. ಮತ್ತೆ ಬೆಂಡನ್ನೇ ಹಿಡಿಯಿತು.

“ಭಾವ, ಅಂಗಡಿಯವರು ಇದನ್ನ ಯಾಕೆ ಫ್ಲೈ ಅಂತ ಮಾರೋದಿಲ್ಲ?” ಎಂದು ಅವನು ಕೇಳಿದ. ಇಡೀ ದಾರದಲ್ಲಿ ಕೊಕ್ಕೆಯಿಲ್ಲದ ವಸ್ತು ಅದೊಂದೇ ಆಗಿತ್ತು.