ಬೆಳ್ಳಿ ಹಬ್ಬಕ್ಕೊಂದು ಚಮಚ

ಬೌರಿಂಗ್‌ಪೇಟೆಯನ್ನೇ ಬಂಗಾರಪೇಟೆ ಮಾಡಿಕೊಂಡ ಜಿಲ್ಲೆ ನಮ್ಮದು. ಚಮಚವನ್ನು ಉಂಗುರ ಮಾಡಿಕೊಳ್ಳುವುದು ಯಾವ ಮಹಾ ಕೆಲಸ ಎಂದು ನಾನು ಅಂದುಕೊಂಡಿದ್ದರೆ ಅದು ಈ ನೆಲದ ಗುಣ.

ಕೆ.ಜಿ.ಎಫ್. ಗಣಿ ಮುಚ್ಚಿದ್ದೂ ನಮ್ಮ ಮದುವೆಯಾದದ್ದೂ ಒಂದೇ ತಿಂಗಳಲ್ಲಿ, 2001ರ ಫೆಬ್ರುವರಿಯಲ್ಲಿ. ಅಲ್ಲಿಂದೀಚೆಗೆ ಎರಡೂ ಕಡೆ ಚಿನ್ನ ಕಂಡಿಲ್ಲ ಎಂದು ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳುತ್ತಾಳೆ. ಈ ಸಲ 25 ವರ್ಷ ತುಂಬುವುದಿತ್ತು. ಡಿಸೆಂಬರಿನಿಂದಲೇ ಅವಳು ಬೆಳಿಗ್ಗೆ ಪತ್ರಿಕೆ ಹಿಡಿದು ಚಿನ್ನದ ಧಾರಣೆಯನ್ನು ಗಟ್ಟಿಯಾಗಿ ಓದಲು ಶುರುಮಾಡಿದಳು. ನಾನು ಲೆಕ್ಕ ಬರೆದು ಬದುಕುವವನು, ಅಂಕಿಗಳ ಅರ್ಥ ಬೇಗ ಆಗುತ್ತದೆ. ಅದಕ್ಕೇ ಸುಮ್ಮನಿದ್ದೆ.

ಆ ಹೊತ್ತಿಗೆ ಸರಿಯಾಗಿ ಮೊಬೈಲಿನಲ್ಲಿ ಒಂದು ವಿಡಿಯೊ ಎದುರಾಯಿತು. ಗಡ್ಡದ ವಿದೇಶಿಯೊಬ್ಬ ಹಳೆಯ ಬೆಳ್ಳಿ ಚಮಚದ ಬಟ್ಟಲನ್ನು ಕತ್ತರಿಸಿ ಪಕ್ಕಕ್ಕಿಟ್ಟ. ಹೂಬಳ್ಳಿ ಕೆತ್ತಿದ ಹಿಡಿಯನ್ನು ಒಂದು ಉಕ್ಕಿನ ಕೋಲಿಗೆ ಸುತ್ತಿ ಕೊಡತಿಯಿಂದ ನಾಲ್ಕು ಪೆಟ್ಟು ಹಾಕಿದ. ಉಂಗುರ! ಎಲ್ಲಾ ಸೇರಿ ಎರಡೂವರೆ ನಿಮಿಷ, ಅದರಲ್ಲಿ ಅರ್ಧ ನಿಮಿಷ ಅವನ ನಾಯಿಯದು. 1970ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಉಂಗುರಗಳು ಬಲು ಫ್ಯಾಷನ್ ಆಗಿದ್ದವು. ಅದಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ, ಕೈಯಲ್ಲಿ ಕಾಸಿಲ್ಲದ ಆಳುಗಳು ಒಡೆಯರ ಮನೆಯ ಬೆಳ್ಳಿ ಚಮಚ ಕದ್ದು, ಬಗ್ಗಿಸಿ, ಮದುವೆಯ ಉಂಗುರ ಮಾಡಿಕೊಳ್ಳುತ್ತಿದ್ದರೆಂದು ಕಥೆ. ನನ್ನ ಕಿವಿಗೆ ಬಿದ್ದದ್ದು ಕಾಸಿಲ್ಲದ ಭಾಗ. ಕದ್ದ ಭಾಗವನ್ನು ಗಮನವಿಟ್ಟು ಕೇಳಬೇಕಾಗಿತ್ತು.

ನಮ್ಮ ಮನೆಯಲ್ಲಿ ಬೆಳ್ಳಿಯ ಚಮಚ ಎಂದರೆ ಮಗುವಿಗೆ ಹಾಲು ಹಾಕುತ್ತಿದ್ದ ಒಳಲೆ ಒಂದೇ. ಅದಕ್ಕೆ ಕೈ ಹಾಕಿದರೆ ನನ್ನ ತಾಯಿ ಸ್ವರ್ಗದಿಂದ ಇಳಿದು ಬಂದಾರು. ಹೀಗಾಗಿ ಗುಜರಿ ಅಂಗಡಿಗೆ ಹೋದೆ. ತಕ್ಕಡಿಯ ಹಿಂದೆ ಒಂದು ಗೋಣಿಚೀಲದ ತುಂಬ ಚಮಚ, ಮುಳ್ಳುಚಮಚ ಬಿದ್ದಿದ್ದವು. ಒಂದರ ಬೆನ್ನ ಮೇಲೆ ಇ.ಪಿ.ಎನ್.ಎಸ್. ಎಂದು ಇಂಗ್ಲಿಷ್ ಅಕ್ಷರಗಳು. "ಕೆ.ಜಿ.ಎಫ್. ಬಂಗಲೆಯ ಮಾಲು ಸಾರ್, ದೊರೆಗಳು ತಿಂದದ್ದು" ಎಂದ ಅಂಗಡಿಯವನು. "ಬೆಳ್ಳಿಯೇ?" ಎಂದು ಕೇಳಿದ್ದು ನನ್ನ ದಡ್ಡತನ. ಅಲ್ಲಿಯವರೆಗೆ ಕಿಲೋ ಲೆಕ್ಕದಲ್ಲಿದ್ದ ಬೆಲೆ ಆ ಕ್ಷಣದಿಂದ ಬಿಡಿ ಲೆಕ್ಕಕ್ಕೆ ತಿರುಗಿತು. ಆ ಚಮಚವನ್ನೂ ಒಂದು ಮುಳ್ಳುಚಮಚವನ್ನೂ ಕೊಂಡು ನೇರವಾಗಿ ಪರಿಚಯದ ಅಕ್ಕಸಾಲಿಗರ ಬಳಿ ಹೋದೆ.

ಅವರು ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿ, "ಇದರ ಅರ್ಥ ಏನೆಂದು ತಿಳಿದಿದ್ದೀರಿ?" ಎಂದರು.

"ಕೊನೆಯ ಎಸ್ ಎಂದರೆ ಸಿಲ್ವರ್ ಅಲ್ಲವೇ?"

"ಸಿಲ್ವರೇ. ಅದರ ಹಿಂದೆ ಎನ್ ನಿಂತಿದೆಯಲ್ಲ, ನಿಕಲ್. ನಿಕಲ್ ಸಿಲ್ವರ್ ಎಂದರೆ ನಮ್ಮ ಜರ್ಮನ್ ಸಿಲ್ವರ್. ತಾಮ್ರ, ನಿಕಲ್, ಸತು. ಬೆಳ್ಳಿ ಏನಿದ್ದರೂ ಮೇಲಿನ ಲೇಪಕ್ಕೆ, ಮದುವೆ ಮನೆಯ ಪನ್ನೀರಿನ ಹಾಗೆ."

ಅಪ್ಪಟ ಬೆಳ್ಳಿಯಾಗಿದ್ದರೆ ಮಂದವಾಗಿ ಕೆಂಪಾಗುವಷ್ಟು ಕಾಯಿಸಿ ನೀರಿಗೆ ಅದ್ದಿದರೆ ಸಾಕು, ಮೆತ್ತಗಾಗಿ ಹೇಳಿದ ಮಾತು ಕೇಳುತ್ತದಂತೆ. ಇದನ್ನೂ ಮೊದಲು ಕಾಯಿಸಿಕೊಳ್ಳಬೇಕು. ತಣ್ಣಗಿರುವಾಗ ಬಡಿದಷ್ಟೂ ಗಡುಸಾಗಿ ಒಂದು ಹಂತದಲ್ಲಿ ಮುರಿಯುತ್ತದೆ ಎಂದೂ ಹೇಳಿದರು. ಆ ಹಂತ ಯಾವುದೆಂದು ಅವರು ಹೇಳಲಿಲ್ಲ. ಅದು ಏಳನೆಯ ಪೆಟ್ಟು. ದೊರೆಗಳ ಚಮಚ ಟಪ್ಪೆಂದು ಎರಡಾಯಿತು, ಒಂದು ತುಂಡು ಪಕ್ಕದ ಮನೆಯ ಕಾಂಪೌಂಡಿಗೆ ಹಾರಿತು.

ಉಳಿದದ್ದು ಮುಳ್ಳುಚಮಚ. ಇದು ನಮ್ಮ ಸೀಮೆಗೆ ಸೇರಿದ ವಸ್ತುವೇ ಅಲ್ಲ. ಬೆರಳಿನಿಂದ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವ ರಾಗಿಮುದ್ದೆಗೆ ನಾಲ್ಕು ಮುಳ್ಳು ಚುಚ್ಚಿ ಮಾಡುವುದೇನು? ಆದರೆ ಕಡಗಕ್ಕೆ ಅದೇ ಶ್ರೇಷ್ಠ ಎಂದು ಗಡ್ಡದವನ ಇನ್ನೊಂದು ವಿಡಿಯೊ ಹೇಳಿತು. ಹಿಡಿಯನ್ನು ಮಣಿಕಟ್ಟಿಗೆ ತಕ್ಕಂತೆ ಬಗ್ಗಿಸಿ, ಮುಳ್ಳುಗಳನ್ನು ಇಕ್ಕಳದಿಂದ ಒಂದೊಂದಾಗಿ ಸುರುಳಿ ಸುತ್ತಬೇಕು. ಇದು ಸ್ಟೇನ್‌ಲೆಸ್ ಸ್ಟೀಲು. ಮೆತ್ತಗಾಗಲೆಂದು ಗ್ಯಾಸ್ ಒಲೆಯ ಮೇಲೆ ಹಿಡಿದೆ. ಮೊದಲು ಒಣಹುಲ್ಲಿನ ಬಣ್ಣಕ್ಕೆ ಬಂತು, ಆಮೇಲೆ ನೇರಳೆ, ಆಮೇಲೆ ನವಿಲಿನ ಕತ್ತಿನ ನೀಲಿ. ಬಣ್ಣ ಬದಲಾಯಿಸಿತೇ ಹೊರತು ಬುದ್ಧಿ ಬದಲಾಯಿಸಲಿಲ್ಲ. ಸಾವಿರ ಡಿಗ್ರಿ ದಾಟದೆ ಈ ಲೋಹ ಮೆತ್ತಗಾಗುವುದಿಲ್ಲವೆಂದು ಅಕ್ಕಸಾಲಿಗರು ಆಮೇಲೆ ಹೇಳಿದರು. ಬಗ್ಗಿಸಿದಷ್ಟೂ ಸ್ಪ್ರಿಂಗಿನಂತೆ ಅರ್ಧ ವಾಪಸು ಬರುತ್ತಿತ್ತು. ಮೂರು ಸಂಜೆ ಗುದ್ದಾಡಿ ಬಗ್ಗಿಸಿ, ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ.

"ಅಯ್ಯೋ, ಚೇಳು!" ಎಂದು ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. ನೋಡಿದರೆ ನಿಜವೇ. ನೀಲಿ ಮೈ, ಬಾಗಿದ ಕೊಂಡಿ, ಮುಂದೆ ಚಾಚಿದ ಕಾಲುಗಳು. ನಮ್ಮ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ, ಅವಳಿಗೆ ನಡೆದುಕೊಂಡವರನ್ನು ಚೇಳು ಕಚ್ಚುವುದಿಲ್ಲ ಎಂಬ ನಂಬಿಕೆ ಊರಿನಲ್ಲೆಲ್ಲ ಇದೆ. "ಮನೆಯಲ್ಲಿ ಇಟ್ಟುಕೊಳ್ಳಬೇಡ, ಹೋಗಿ ಅಮ್ಮನ ಹುಂಡಿಗೆ ಹಾಕಿ ಬಾ" ಎಂದರು ಅಜ್ಜಿ.

ಕೇಳಬೇಕಾಗಿತ್ತು. ಕೇಳದೆ ಕೈಗೆ ಹಾಕಿಕೊಂಡು ಬಂಗಾರಪೇಟೆಯ ಬಸ್ಸು ಹತ್ತಿದೆ. ನಿಲ್ಲುವುದಕ್ಕೂ ಜಾಗವಿರಲಿಲ್ಲ, ಸೀಟಿನ ಬೆನ್ನನ್ನು ಹಿಡಿದು ನಿಂತೆ. ಆ ಸೀಟಿನಲ್ಲಿ ಹಸಿರು ಬಣ್ಣದ ಕೈಹೆಣಿಗೆ ಸ್ವೆಟರ್ ತೊಟ್ಟ ಯಜಮಾನರೊಬ್ಬರು ತೂಕಡಿಸುತ್ತಿದ್ದರು. ಬಂಗಾರಪೇಟೆಯಲ್ಲಿ ನಾನು ಇಳಿದೆ. ನನ್ನ ಹಿಂದೆ ಒಂದು ಹಸಿರು ಉಣ್ಣೆಯ ಎಳೆಯೂ ಇಳಿಯಿತು. ಅದರ ಹಿಂದೆ, ಕೂಗುತ್ತಾ, ಯಜಮಾನರು ಇಳಿದರು. ಅವರನ್ನು ಸಮಾಧಾನಪಡಿಸಲು ಪಾನಿಪುರಿ ಕೊಡಿಸಬೇಕಾಯಿತು. ಅಲ್ಲಿನ ಪಾನಿ ಬರೀ ನೀರಿನಷ್ಟು ತಿಳಿ, ನಾಲಿಗೆಗೆ ತಾಗಿದ ಮೇಲೆ ಗೊತ್ತಾಗುತ್ತದೆ. ಎರಡು ಪ್ಲೇಟಿನ ನಂತರ ಅವರು ಕಣ್ಣೊರೆಸಿಕೊಂಡು, "ಸೊಸೆ ಹೆಣೆದದ್ದು, ಹಾಕಿಕೊಳ್ಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಇನ್ನು ಹಾಕಿಕೊಳ್ಳುವ ಹಾಗಿಲ್ಲ" ಎಂದರು. ದನಿಯಲ್ಲಿ ದುಃಖವೇನೂ ಕಾಣಲಿಲ್ಲ. ಮೂರನೆಯ ಪ್ಲೇಟನ್ನು ಅವರೇ ಹೇಳಿದರು, ದುಡ್ಡು ನಾನೇ ಕೊಟ್ಟೆ.

ಫೆಬ್ರುವರಿ ಹತ್ತಿರ ಬಂತು. ಈಗ ಮನೆಯ ಚಮಚಗಳೇ ಗತಿ. ಅಡುಗೆಮನೆಯ ಡಬ್ಬಿಯನ್ನು ತಡಕಿದಾಗ ತಳದಲ್ಲಿ ಒಂದು ಹಳೆಯ ತೆಳುವಾದ ಚಮಚ ಸಿಕ್ಕಿತು. ಹಿಡಿಯ ತುದಿಯಲ್ಲಿ ಸಣ್ಣ ಸಣ್ಣ ಚುಕ್ಕಿಗಳ ಚಿತ್ತಾರ. ಕನ್ನಡಕ ಹಾಲಿನಲ್ಲಿತ್ತು, ಹಾಗಾಗಿ ಚಿತ್ತಾರವೆಂದೇ ತಿಳಿದೆ. ತೆಳುವಾದ್ದರಿಂದ ಬಗ್ಗುತ್ತದೆ, ಚಿತ್ತಾರವಿರುವುದರಿಂದ ಒಡವೆಯ ಹಾಗೆ ಕಾಣುತ್ತದೆ. ಇನ್ನೇನು ಬೇಕು?

ಅಳತೆ ಗುಟ್ಟಾಗಿ ತೆಗೆಯಬೇಕಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅವಳ ಬೆರಳಿಗೆ ಕಾಗದದ ಪಟ್ಟಿ ಸುತ್ತಿ ಗುರುತು ಹಾಕಿದೆ: 54 ಮಿಲಿಮೀಟರ್. ಅವಳು ನಿದ್ದೆಯಲ್ಲೇ "ಪಟ್ಟಿ ನಾಳೆ ಕೊಡುತ್ತೇನೆ, ದಿನಸಿ ಇನ್ನೂ ಇದೆ" ಎಂದಳು. 54ಕ್ಕೆ ವ್ಯಾಸ 17 ಮಿಲಿಮೀಟರಿಗಿಂತ ತುಸು ಹೆಚ್ಚು. ಅರ್ಧ ಇಂಚು ಎಂದರೆ 12.7, ಅಷ್ಟು ದಪ್ಪದ ನೀರಿನ ಪೈಪಿಗೆ ಸುತ್ತಿದರೆ, ಸ್ಟೀಲು ಹಿಂದಕ್ಕೆ ಬಿಚ್ಚಿಕೊಂಡು ಸರಿಯಾಗಿ 17ಕ್ಕೆ ನಿಲ್ಲುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಕಾಗದದ ಮೇಲೆ ನನ್ನ ಲೆಕ್ಕ ಎಂದೂ ತಪ್ಪುವುದಿಲ್ಲ. ವೆಲ್ಡಿಂಗ್ ಅಂಗಡಿಯ ಹುಡುಗ ಚಮಚವನ್ನು ವೈಸಿಗೆ ಕಚ್ಚಿಸಿ, ಬಟ್ಟಲು ಕತ್ತರಿಸಿ, ಹಿಡಿಯನ್ನು ಪೈಪಿಗೆ ಸುತ್ತಿಕೊಟ್ಟ. ಅದು ನನ್ನ ಹೆಬ್ಬೆರಳಿಗೂ ಸಡಿಲವಾಯಿತು. ನೀರಿನ ಪೈಪಿನ ಅರ್ಧ ಇಂಚು ಒಳಗಿನ ಲೆಕ್ಕವಂತೆ, ಹೊರಗೆ ಅಳೆದರೆ 21 ಮಿಲಿಮೀಟರ್ ದಾಟುತ್ತದೆ. ಹುಡುಗ ನಗುತ್ತಾ ಅದನ್ನು ಕೊಡತಿಯಿಂದ ಬಡಿದು ಬಡಿದು ಕಿರಿದು ಮಾಡಿದ. ಅಂಚುಗಳನ್ನು ಅರದಿಂದ ಉಜ್ಜಿ, ಉಪ್ಪುಕಾಗದ ಹಿಡಿದು, ಹಲ್ಲುಪುಡಿಯಿಂದ ತಿಕ್ಕಿದ ಮೇಲೆ, ನಾನೇ ಹೇಳಿಕೊಳ್ಳಬಾರದು, ಬೆಳ್ಳಿಯೇ ನಾಚಬೇಕು.

ಬೆಳ್ಳಿ ಹಬ್ಬದ ದಿನ ಬೆಳಿಗ್ಗೆ ಅವಳ ಬೆರಳಿಗೆ ತೊಡಿಸಿದೆ. ತುಸು ಬಿಗಿಯೆನಿಸಿದರೂ ಗೆಣ್ಣು ದಾಟಿ ಕೂತಿತು. ಅವಳು ನಕ್ಕಳು. ಚಿನ್ನವಲ್ಲವೆಂದು ಒಂದು ಮಾತೂ ಆಡಲಿಲ್ಲ. 25 ವರ್ಷದಲ್ಲಿ ಅಷ್ಟು ಹಗುರವಾಗಿ ನಾನು ಕಾಫಿ ಕುಡಿದದ್ದು ಅದೇ ಮೊದಲು.

ಹತ್ತು ಗಂಟೆಗೆ ಅಡುಗೆಮನೆಯಿಂದ ಕರೆ ಬಂತು. "ರೀ, ಇಲ್ಲಿ ಬನ್ನಿ." ಹೂರಣ ರುಬ್ಬುತ್ತಿದ್ದ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. "ಇದೇನಿದು, ಅಕ್ಷರ ಇದೆಯಲ್ಲ?"

ಕನ್ನಡಕ ತಂದು ನೋಡಿದೆ. ಚಿತ್ತಾರವಲ್ಲ. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿದ ಚುಕ್ಕಿಗಳು. ಮುಂದಿನ ಅಕ್ಷರಗಳನ್ನು ನನ್ನ ಅರ ತಿಂದುಹಾಕಿತ್ತು. ಉಳಿದದ್ದು: "...ಮ್ಮ 12-5-96".

"ನಮ್ಮ ಮದುವೆಯಾದದ್ದು 2001ರಲ್ಲಿ" ಎಂದಳು.

"ಹೌದು."

"ಇದು ಯಾವ ಅಮ್ಮ?"

ಕೋಲಾರ ಜಿಲ್ಲೆಯಲ್ಲಿ ಆ ಕಾಲದ ಹೆಂಗಸರಲ್ಲಿ ಮ್ಮ ಎಂದು ಕೊನೆಯಾಗದ ಹೆಸರು ಹುಡುಕುವುದೇ ಕಷ್ಟ. ಅದನ್ನೇ ಹೇಳಿದೆ. "ಹಾಗಾದರೆ ಒಬ್ಬಳಲ್ಲ" ಎಂದು ಅವಳು ಇನ್ನೊಂದು ಅರ್ಥ ಹಚ್ಚಿಕೊಂಡಳು. ಇದು ಚಮಚ, ಅಡುಗೆಮನೆಯ ಚಮಚ ಎಂದು ಬಾಯಿ ಬಿಟ್ಟೆ. ಸ್ವಂತ ಹೆಂಡತಿಗೆ ಬೆಳ್ಳಿ ಹಬ್ಬದ ದಿನ, ಬೇರೆ ಹೆಂಗಸಿನ ಹೆಸರಿರುವ, ಅದೂ ಚಮಚದ ಉಂಗುರ! ಒಂದು ಅಪರಾಧ ಮುಚ್ಚಲು ಹೋಗಿ ಇನ್ನೊಂದನ್ನು ಸೇರಿಸಿದಂತಾಯಿತು. ಅವಳು ಉಂಗುರ ಕಿತ್ತೆಸೆಯಲು ನೋಡಿದಳು. ಬರಲಿಲ್ಲ. ಬೆಳಗಿನ ಜಾವದ ಚಳಿಯಲ್ಲಿ ಬೆರಳು ಸಣ್ಣಗಿರುತ್ತದೆ, ಒಲೆಯ ಮುಂದೆ ಎರಡು ಗಂಟೆ ನಿಂತರೆ ಊದುತ್ತದೆ. ಸಾಬೂನು ಹಚ್ಚಿದಳು, ಎಣ್ಣೆ ಹಚ್ಚಿದಳು. ಎಳೆದಷ್ಟೂ ಬೆರಳು ಕೆಂಪಾಯಿತು, ಮುಖವೂ ಕೆಂಪಾಯಿತು.

ಅಷ್ಟರಲ್ಲಿ ಊಟಕ್ಕೆ ಕರೆದಿದ್ದ ಅಣ್ಣ, ಅತ್ತಿಗೆ ಬಂದರು. ಅತ್ತಿಗೆ ಹೂವು ತಂದಿದ್ದರು, ಬಂದವರೇ ನಡುಮನೆಯಲ್ಲಿ ಕೂತು ಕಟ್ಟಲು ಶುರುಮಾಡಿದರು. ನನ್ನ ಹೆಂಡತಿ ಮುಖ ಊದಿಸಿಕೊಂಡೇ ಪಕ್ಕದಲ್ಲಿ ಕೂತು ಕನಕಾಂಬರವನ್ನು ಎರಡೆರಡಾಗಿ ಜೋಡಿಸಿ ಕೊಡುತ್ತಿದ್ದಳು. ನಾಲ್ಕನೆಯ ಜೋಡಿಗೆ ಅತ್ತಿಗೆಯ ಕೈ ನಿಂತಿತು.

"ಇದು ನಮ್ಮ ಸೋದರತ್ತೆಯದು" ಎಂದರು.

1996ರ ಮೇ 12 ನಮ್ಮ ಅಣ್ಣನ ಮದುವೆ. ಅತ್ತಿಗೆಯ ಸೋದರತ್ತೆ ಮುಯ್ಯಿಗೆಂದು ತಮ್ಮ ಹೆಸರು, ತಾರೀಖು ಹಾಕಿಸಿ ಒಂದು ಡಜನ್ ಚಮಚ ಕೊಟ್ಟಿದ್ದರು. ಅತ್ತಿಗೆ ಮುಳಬಾಗಿಲಿನ ಕಡೆಯವರು. ಮಾತೆಲ್ಲ ಕನ್ನಡ, ಎಣಿಕೆ ಮಾತ್ರ ತೆಲುಗು. ಪ್ರತಿ ಹಬ್ಬ ಮುಗಿದ ಮೇಲೆ ಪಾತ್ರೆ ಒಳಗಿಡುವಾಗ ಅವರ ಎಣಿಕೆ "ಪದಕೊಂಡು" ಎಂದು ಹನ್ನೊಂದಕ್ಕೇ ನಿಂತು, ಒಂದು ನಿಟ್ಟುಸಿರು ಬರುತ್ತದೆ. ಅಣ್ಣನ ಮಗನ ನಾಮಕರಣಕ್ಕೆ ಅಡುಗೆ ಮಾಡಿದ ಭಟ್ಟರ ಮೇಲೆ ಅನುಮಾನ. ಪಾಪ, ಆ ಭಟ್ಟರಿಗೆ ಅಣ್ಣನ ಮನೆಯ ಗೃಹಪ್ರವೇಶವೂ ಹೋಯಿತು, ಮಗಳ ಆರತಿಯೂ ಹೋಯಿತು. ಯಾವುದೋ ಗೌರಿ ಹಬ್ಬಕ್ಕೆ ಗೊಜ್ಜಿನ ಡಬ್ಬಿಯೊಳಗೆ ಕೂತು ನಮ್ಮ ಮನೆಗೆ ಬಂದಿರಬೇಕು ಅದು. ಡಬ್ಬಿ ವಾಪಸಾಗಿದೆ, ಚಮಚ ಉಳಿದಿದೆ.

ನನ್ನ ಹೆಂಡತಿಯ ಮುಖ ಅರಳಿತು. ಗಂಡ ಬರೀ ಕಳ್ಳ ಎಂದು ತಿಳಿದು ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಬೇರೆ ನೋಡಿಲ್ಲ.

"ತೆಗೆದು ಕೊಡುತ್ತೇನೆ ಅಕ್ಕ, ಬರುತ್ತಿಲ್ಲ" ಎಂದಳು.

"ಎಳೆದರೆ ಬರುತ್ತದೆಯೇ? ಕೈ ಕೊಡು ಇಲ್ಲಿ." ಅತ್ತಿಗೆ ಹೂವಿನ ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿದರು. ಉಳಿದ ದಾರವನ್ನು ಉಂಗುರದಿಂದ ಗೆಣ್ಣಿನವರೆಗೆ ಬೆರಳಿಗೆ ಬಿಗಿಯಾಗಿ, ಎಳೆಗೆ ಎಳೆ ತಾಗುವಂತೆ ಸುತ್ತಿದರು, ರಾಟೆಗೆ ನೂಲು ಸುತ್ತಿದಂತೆ. ಊದಿದ್ದ ಬೆರಳು ದಾರದ ಅಡಿಯಲ್ಲಿ ಸಣ್ಣಗಾಯಿತು. ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಅಡಿಯಿಂದ ತೂರಿಸಿದ್ದ ತುದಿಯನ್ನು ಹಿಡಿದು ಮೆಲ್ಲಗೆ ಬಿಚ್ಚುತ್ತಾ ಹೋದರು. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಒಂದೊಂದು ಎಳೆ ಮುಂದೆ ಜಾರಿತು. ಅಣ್ಣನೂ ನಾನೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಗೆಣ್ಣು ದಾಟಿತು.

ಅತ್ತಿಗೆ ಉಂಗುರವನ್ನು ಸೆರಗಿನಿಂದ ಒರೆಸಿ ನನ್ನ ಕಡೆ ನೋಡಿದರು. "ಇದರ ತಲೆ ಎಲ್ಲಿ?"

ಅಡುಗೆಮನೆಗೆ ಹೋಗಿ ಉಪ್ಪಿನ ಭರಣಿಯೊಳಗೆ ಕೈ ಹಾಕಿ ಬಟ್ಟಲನ್ನು ತಂದೆ. ಚಿಕ್ಕ ಬಾಲ ಉಳಿದಿತ್ತಲ್ಲ, ಉಪ್ಪು ತೆಗೆಯಲು ಅನುಕೂಲವೆಂದು ನಾನೇ ಇಟ್ಟಿದ್ದೆ. ಅತ್ತಿಗೆ ಅದನ್ನು ಕೊಡವಿ, ಉಂಗುರವನ್ನು ಅದರ ಬಾಲಕ್ಕೆ ತೊಡಿಸಿ, ಅದೇ ಹೂವಿನ ದಾರದಿಂದ ಮೂರು ಸುತ್ತು ಸುತ್ತಿ ಗಂಟು ಹಾಕಿದರು. ಕೈಚೀಲದ ಜಿಪ್ ಎಳೆದು ಒಳಗೆ ಹಾಕಿಕೊಂಡು, "ಪನ್ನೆಂಡು" ಎಂದರು.