ಸೆಲ್ ಇಲ್ಲದ ರೇಡಿಯೊ

"ಸರ್, ಇದರಾಗ ಸೆಲ್ ಎಲ್ಲೈತ್ರೀ?"

ಒಂಬತ್ತನೇ ಕ್ಲಾಸಿನ ಹುಡುಗ ಪಿವಿಸಿ ಪೈಪಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಎರಡಿಂಚಿನ ಪೈಪು, ಅದರ ಮೇಲೆ 70 ಸುತ್ತು ತಾಮ್ರದ ತಂತಿ, ಹಳೇ ರೇಡಿಯೊದಿಂದ ಬಿಚ್ಚಿದ ಒಂದು ಗ್ಯಾಂಗ್ ಕಂಡೆನ್ಸರ್ (ಕೇಂದ್ರ ಹಿಡಿಯಲು ತಿರುಗಿಸುವ ಭಾಗ), ಅಲೆಯಿಂದ ದನಿಯನ್ನು ಬೇರ್ಪಡಿಸುವ ಒಂದು ಜರ್ಮೇನಿಯಮ್ ಡಯೋಡ್. ತಂತಿಯ ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ಕೈಪಂಪಿನ ಪೈಪಿಗೆ. ಕಿವಿಗೆ ಹಿಡಿದ, ವಿದ್ಯುತ್ತಿಗೆ ಅಲುಗಿ ಸದ್ದು ಮಾಡುವ ಪೀಜೋ ಡಿಸ್ಕಿನಿಂದ ಧಾರವಾಡ ಆಕಾಶವಾಣಿ ಬರುತ್ತಿತ್ತು. ಸೆಲ್ ಇಲ್ಲ, ಪ್ಲಗ್ ಇಲ್ಲ, ಸೋಲಾರ್ ಇಲ್ಲ. 765 ಕಿಲೋಹರ್ಟ್ಸ್‌ನಲ್ಲಿ ಬರುವ ಆ ಅಲೆಯಲ್ಲಿರುವ ಶಕ್ತಿಯೇ ಆ ಡಿಸ್ಕನ್ನು ಅಲುಗಿಸುತ್ತಿದೆ ಎಂದೆ. ಅವನು ನಂಬಲಿಲ್ಲ. ಮರದ ಕಡೆಯ ತಂತಿ ಬಿಚ್ಚಿದ, ಹಾಡು ನಿಂತಿತು. ಮತ್ತೆ ಸಿಕ್ಕಿಸಿದ, ಬಂತು. ಹೀಗೆ ಏಳೆಂಟು ಸಲ ಮಾಡಿದ. ನಾನು ತಡೆಯಲಿಲ್ಲ. ಅಷ್ಟೂ ಸಲ ಅವನು ಪ್ರಯೋಗ ಮಾಡುತ್ತಿದ್ದ.

ನಮ್ಮದು ಧಾರವಾಡದಿಂದ ಹದಿನೈದು ಕಿಲೋಮೀಟರ್ ದೂರದ ಕನ್ನಡ ಮಾಧ್ಯಮ ಹೈಸ್ಕೂಲು. ನಾನು ವಿಜ್ಞಾನದ ಮೇಷ್ಟ್ರು, ಲೈಸೆನ್ಸ್ ಇರುವ ಹ್ಯಾಮ್ ಕೂಡ, ಅಂದರೆ ರೇಡಿಯೊದಲ್ಲಿ ಬೇರೆ ಹವ್ಯಾಸಿಗಳ ಜೊತೆ ಮಾತಾಡುವ ಹವ್ಯಾಸಿ. ಕೆಲವು ವರ್ಷಗಳಿಂದ ಶನಿವಾರ ಮಧ್ಯಾಹ್ನ ಮಕ್ಕಳ ಜೊತೆ ರೇಡಿಯೊ ಕೆಲಸ ಮಾಡುತ್ತಿದ್ದೇನೆ. ಇದರಿಂದ ನನಗೆ ಗಟ್ಟಿಯಾದ ಒಂದು ಅಭಿಪ್ರಾಯವನ್ನು ಇಲ್ಲಿ ಹೇಳಬೇಕೆನಿಸಿದೆ: ಮಕ್ಕಳಿಗೆ ಹ್ಯಾಮ್ ರೇಡಿಯೊ ಪರಿಚಯಿಸುತ್ತೇವೆಂದು ನಾವು ನಡೆಸುವ ಕಾರ್ಯಾಗಾರಗಳು ತಲೆಕೆಳಗಾಗಿವೆ. ಮೊದಲು ಪಾಠ, ಆಮೇಲೆ ಪರೀಕ್ಷೆ, ಆಮೇಲೆ ಲೈಸೆನ್ಸ್, ಕೊನೆಗೆ ರೇಡಿಯೊ. ಅದನ್ನು ಪೂರ್ತಿ ತಿರುಗಿಸಬೇಕು. ಮೊದಲು ಮಗುವಿನ ಕಿವಿಗೆ ಏನಾದರೂ ಬೀಳಬೇಕು, ಅದೂ ಅದರ ಕೈಯಾರೆ ಸುತ್ತಿದ ತಂತಿಯಿಂದ.

ನಾನೂ ಮೊದಲ ಸಲ ಸ್ಲೈಡ್ ಹಾಕಿ ಒಂದೂವರೆ ತಾಸು ವಿವರಿಸಿದ್ದೆ. ಮಾಡ್ಯುಲೇಶನ್, ಅಯಾನುಗೋಳ, ಕಾಲ್‌ಸೈನ್, ಎಲ್ಲಾ. ಕೊನೆಗೆ ನನ್ನ ಹ್ಯಾಂಡಿಯನ್ನು (ವಾಕಿಟಾಕಿಯಂಥ ಕೈರೇಡಿಯೊ) ಕೈಗೆ ಕೊಟ್ಟೆ. ಮಕ್ಕಳು ಅದನ್ನು ಸಿನಿಮಾ ಪೊಲೀಸರ ಹಾಗೆ ಹಿಡಿದು ಫೋಟೋ ತೆಗೆಸಿಕೊಂಡರು. ಮುಂದಿನ ಶನಿವಾರ ಬಂದವರು ಇಬ್ಬರು. ಕಾಯಿಲ್ ಸುತ್ತುವುದರಿಂದ ಶುರು ಮಾಡಿದ ವರ್ಷ ಮುಂದಿನ ಶನಿವಾರಕ್ಕೆ ಹತ್ತೊಂಬತ್ತು ಮಂದಿ ಬಂದರು, ತಮ್ಮನನ್ನೂ ತಂಗಿಯನ್ನೂ ಕರೆದುಕೊಂಡು.

ಸುತ್ತುವುದು ಸುಲಭ ಅಂದುಕೊಳ್ಳಬೇಡಿ. ತಂತಿ ನಮ್ಮೂರ ಮೋಟರ್ ವೈಂಡಿಂಗ್ ಅಂಗಡಿಯಿಂದ ಬರುತ್ತದೆ, ಅವರು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಒಬ್ಬರು ಪೈಪು ತಿರುಗಿಸಬೇಕು, ಇನ್ನೊಬ್ಬರು ತಂತಿ ಬಿಗಿ ಹಿಡಿಯಬೇಕು, ಮೂರನೆಯವರು ಎಣಿಸಬೇಕು. ನಲವತ್ತಕ್ಕೆ ಬಂದಾಗ ಯಾರೋ ಸೀನುತ್ತಾರೆ, ಸುತ್ತೆಲ್ಲ ಸಡಿಲವಾಗುತ್ತದೆ, ಮತ್ತೆ ಒಂದರಿಂದ. ಒಬ್ಬ ಹುಡುಗಿಯದು ಎಷ್ಟು ಚೆಂದ ಸುತ್ತಾಗಿತ್ತೆಂದರೆ ಅಂಗಡಿಯಲ್ಲಿ ಮಾರಬಹುದಿತ್ತು. ಆದರೆ ಸದ್ದೇ ಇಲ್ಲ. "ನಂದು ಮಾತಾಡವಲ್ದುರೀ ಸರ್" ಎಂದು ಅಳುಮುಖ ಮಾಡಿದಳು. ತಪ್ಪೇನೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು, ಹೇಳಲಿಲ್ಲ. ಮನೆಗೆ ತೆಗೆದುಕೊಂಡು ಹೋದಳು. ಸೋಮವಾರ ಪ್ರಾರ್ಥನೆಗೆ ಮೊದಲೇ ಓಡಿ ಬಂದು ತಂತಿಯ ತುದಿ ತೋರಿಸಿದಳು: ಬ್ಲೇಡಿನಿಂದ ಎನಾಮಲ್ ಕೆರೆದು ಹೊಳೆಯುವ ತಾಮ್ರ ತೆಗೆದಿದ್ದಳು. ತಂತಿಯ ಮೇಲಿನ ಕೆಂಪು ಬಣ್ಣ ಬರೀ ಬಣ್ಣವಲ್ಲ, ವಿದ್ಯುತ್ತನ್ನು ತಡೆಯುವ ಪದರ ಎಂದು ಅವಳಿಗೆ ಪುಸ್ತಕ ಹೇಳಿದ್ದಲ್ಲ, ಆ ಮೌನ ಹೇಳಿದ್ದು. ಈಗಿನ ರೊಬೊಟಿಕ್ಸ್ ಕಿಟ್‌ಗಳ ಬಗ್ಗೆ ನನ್ನ ತಕರಾರೂ ಇದೇ. ಪ್ರತಿ ವೈರಿಗೂ ಒಂದು ಪಿನ್, ಪ್ರತಿ ಪಿನ್ನಿಗೂ ಒಂದು ತೂತು, ತಪ್ಪಾಗಲು ಜಾಗವೇ ಇಲ್ಲ. ಶಾಲೆಗಳಲ್ಲಿ ಕೇಂದ್ರ ಸರ್ಕಾರದ ಯೋಜನೆಯಿಂದ ಆದ ಅಟಲ್ ಟಿಂಕರಿಂಗ್ ಲ್ಯಾಬುಗಳಲ್ಲಿ ನಾನು ಹೋಗಿ ನೋಡಿದವುಗಳಲ್ಲಿ ತ್ರೀ-ಡಿ ಪ್ರಿಂಟರ್ ಇತ್ತು, ಡ್ರೋನ್ ಇತ್ತು, ಆದರೆ ಹೊರಗೆ ಮರಕ್ಕೆ ಕಟ್ಟಿದ ಒಂದು ತಂತಿ ಎಲ್ಲೂ ಕಾಣಲಿಲ್ಲ.

ಕಾಯಿಲ್ ಮುಗಿದ ಮೇಲೆ ಶಾರ್ಟ್‌ವೇವ್, ದೂರದ ದೇಶಗಳ ಕೇಂದ್ರಗಳು ಸಿಗುವ ಬ್ಯಾಂಡು. ಅದಕ್ಕೆ ಹೊಸದೇನೂ ಬೇಡ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಮೂರು ಬ್ಯಾಂಡಿನ ರೇಡಿಯೊ ಸಾಕು. ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್. ತಾರೀಖು, ವೇಳೆ, ಮುಳ್ಳು ಎಲ್ಲಿತ್ತು, ಯಾವ ಭಾಷೆ ಅನಿಸಿತು, ಎಷ್ಟು ಸ್ಪಷ್ಟ. ವೇಳೆ ನಮ್ಮದಲ್ಲ, ಲೋಕಕ್ಕೆಲ್ಲ ಒಂದೇ ಆದ ಯುಟಿಸಿ. ಅಂದರೆ ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೆಯಬೇಕು. ಬೆಳಗಿನ ಐದು ಗಂಟೆಗೆ ಕೇಳಿದ್ದಕ್ಕೆ ಹಿಂದಿನ ದಿನದ ತಾರೀಖು ಬರೆಯಬೇಕಾಗಿ ಬಂದಾಗ ಎದ್ದ ಜಗಳ ನೋಡಬೇಕಿತ್ತು. ರೇಖಾಂಶದ ಪಾಠ ಆ ಜಗಳದಲ್ಲೇ ಮುಗಿಯಿತು. ಹದಿನೈದು ದಿನ ಬರೆದ ಮೇಲೆ ಮಕ್ಕಳೇ ಕಂಡುಕೊಂಡರು: 19 ಮೀಟರ್ ಬ್ಯಾಂಡು ಹಗಲಲ್ಲಿ ಜೀವಂತ, 49 ಮೀಟರ್ ಹೊತ್ತು ಮುಳುಗಿದ ಮೇಲೆ. ಯಾಕೆ ಎಂದು ಅವರು ಕೇಳಿದ ದಿನ ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುತ್ ಕಣಗಳ ಪದರಗಳ ಚಿತ್ರ ಬಿಡಿಸಿದೆ. ಸೂರ್ಯನ ಬಿಸಿಲಿಗೆ ಹುಟ್ಟುವ ಕೆಳಗಿನ ಡಿ ಪದರ 49 ಮೀಟರಿನಂಥ ಕಡಿಮೆ ಆವರ್ತನದ ಅಲೆಗಳನ್ನು ಹಗಲೆಲ್ಲ ನುಂಗುತ್ತದೆ, ರಾತ್ರಿ ಅದು ಕರಗಿಹೋಗುತ್ತದೆ, ಮೇಲಿನ ಎಫ್ ಪದರ ಆ ಅಲೆಗಳನ್ನು ಭೂಮಿಗೆ ವಾಪಸ್ ಬಾಗಿಸುತ್ತದೆ. ಸ್ಲೈಡ್‌ನಲ್ಲಿ ಇದನ್ನೇ ಹೇಳಿದಾಗ ಯಾರ ತಲೆಗೂ ಹತ್ತಿರಲಿಲ್ಲ. ಈಗ ಅದು ಅವರ ಪ್ರಶ್ನೆಗೆ ಉತ್ತರವಾಗಿತ್ತು. ಅಂದಹಾಗೆ, ಆಕಾಶ ತರಂಗ, ಭೂ ತರಂಗ ಎಲ್ಲ ಇದ್ದ 'ಸಂವಹನ ವ್ಯವಸ್ಥೆ' ಅಧ್ಯಾಯವನ್ನು ಎನ್‌ಸಿಇಆರ್‌ಟಿ 12ನೇ ತರಗತಿಯ ಭೌತಶಾಸ್ತ್ರದಿಂದ ಕೈಬಿಟ್ಟಿದೆ. ದಿನಕ್ಕೆ ಹತ್ತು ತಾಸು ಮೊಬೈಲ್ ಹಿಡಿಯುವ ಪೀಳಿಗೆಯ ಪುಸ್ತಕದಿಂದ ಅದನ್ನೇ ತೆಗೆದದ್ದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಒಂದು ಸಂಜೆ ಕರೆಂಟ್ ಹೋಯಿತು. ಅಲ್ಲಿಯವರೆಗೆ ಜೊರ್ ಎನ್ನುತ್ತಿದ್ದ ರೇಡಿಯೊ ಒಮ್ಮೆಲೇ ಶುದ್ಧವಾಯಿತು. "ಕರೆಂಟ್ ಹೋತು ಸರ್, ಈಗ ಸ್ವಚ್ಛ ಕೇಳಾಕತ್ತೈತಿ!" ಆ ಗದ್ದಲ ಆಕಾಶದ್ದಲ್ಲ, ನಮ್ಮ ಎಲ್‌ಇಡಿ ಬಲ್ಬು, ಚಾರ್ಜರುಗಳದ್ದು ಎಂದು ಆ ಕ್ಷಣ ಗೊತ್ತಾಯಿತು. ಮುಂದಿನ ವಾರವೆಲ್ಲ ಮಕ್ಕಳು ಟ್ರಾನ್ಸಿಸ್ಟರ್ ಹಿಡಿದು ಗದ್ದಲ ಎಲ್ಲಿ ಹುಟ್ಟುತ್ತದೆ ಎಂದು ಶಾಲೆ ಸುತ್ತಿದರು. ಎಲ್ಲಕ್ಕಿಂತ ಜೋರು ಬಿಸಿಯೂಟದ ಕೋಣೆಯ ಒಂದು ಬಲ್ಬು.

ಹ್ಯಾಮ್‌ಗಳ ದನಿಗೆ ಬರುತ್ತೇನೆ, ನನಗೆ ತುಂಬ ಪ್ರೀತಿಯ ಪ್ರಯೋಗ ಇದು. ಬೆಳಗ್ಗೆ 7 ಮೆಗಾಹರ್ಟ್ಸ್‌ನಲ್ಲಿ ನಮ್ಮ ದೇಶದ ಹ್ಯಾಮ್‌ಗಳು ಮಾತಾಡುತ್ತಿರುತ್ತಾರೆ. ಆದರೆ ಅದು ಸಿಂಗಲ್ ಸೈಡ್‌ಬ್ಯಾಂಡ್, ಅಂದರೆ ದನಿಯನ್ನು ಹೊರುವ ಮೂಲ ಅಲೆಯನ್ನು (ಕ್ಯಾರಿಯರ್) ತೆಗೆದು ಕಳಿಸುವ ರೀತಿ. ಸಾದಾ ರೇಡಿಯೊದಲ್ಲಿ ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ, ಒಂದು ಅಕ್ಷರವೂ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹಳೇ ರೇಡಿಯೊ ಇಡಿ. ಅದನ್ನು 455 ಕಿಲೋಹರ್ಟ್ಸ್ ಕೆಳಗೆ, ಅಂದರೆ 7.1ಕ್ಕೆ 6.645ರ ಹತ್ತಿರ ಟ್ಯೂನ್ ಮಾಡಿ. ಇಂಥ ರೇಡಿಯೊದ ಒಳಗಿನ ಆಸಿಲೇಟರು (ಅಲೆ ಹುಟ್ಟಿಸುವ ಭಾಗ) ಮುಳ್ಳು ಇರುವಲ್ಲಿಗಿಂತ 455 ಕಿಲೋಹರ್ಟ್ಸ್ ಮೇಲೆ ಓಡುತ್ತದೆ. ಹಾಗಾಗಿ ಅದು ಸರಿಯಾಗಿ 7.1ರಲ್ಲಿ ಸಣ್ಣಗೆ ಹೊಮ್ಮಿಸುವ ಅಲೆ ಮೊದಲನೆಯದಕ್ಕೆ ಬೇಕಾದ ಕ್ಯಾರಿಯರ್ ಆಗುತ್ತದೆ. ಮುಳ್ಳನ್ನು ಕೂದಲೆಳೆಯಷ್ಟು ಸರಿಸಬೇಕು. ನಮ್ಮ ಒಬ್ಬ ಹುಡುಗಿ ಉಸಿರು ಬಿಗಿಹಿಡಿದು ಸರಿಸುತ್ತಿದ್ದಳು. ಕ್ವಾ ಕ್ವಾ ಎನ್ನುತ್ತಿದ್ದದ್ದು ಒಮ್ಮೆಲೇ ಒಬ್ಬ ಹಿರಿಯರ ದನಿಯಾಯಿತು. ತಮ್ಮೂರಿನಲ್ಲಿ ರಾತ್ರಿ ಮಳೆಯಾಯಿತು, ಆಂಟೆನಾ ಒದ್ದೆಯಾಗಿದೆ ಎಂದು ಅವರು ಯಾರಿಗೋ ಹೇಳುತ್ತಿದ್ದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಇದಕ್ಕಿಂತ ಮುಂದಿನದು ಸುಲಭ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕೆಲವೊಮ್ಮೆ 145.800 ಮೆಗಾಹರ್ಟ್ಸ್‌ನಲ್ಲಿ ಚಿತ್ರ ಕಳಿಸುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಳತೆ ಟೇಪಿನ ಉಕ್ಕಿನ ಪಟ್ಟಿ ಕತ್ತರಿಸಿ, ಪಿವಿಸಿ ಪೈಪಿಗೆ ಹೋಸ್ ಕ್ಲಿಪ್ಪಿನಿಂದ ಬಿಗಿದರೆ ಯಾಗಿ ಆಂಟೆನಾ, ತಿರುಗಿಸಿದ ದಿಕ್ಕಿನಿಂದ ಬರುವುದನ್ನೇ ಜೋರಾಗಿ ಹಿಡಿಯುವಂಥದ್ದು. ಆಕಾಶದಲ್ಲಿ ನಿಲ್ದಾಣ ದಾಟುವ ಹತ್ತು ನಿಮಿಷ ಮಕ್ಕಳು ಕೈನೋವು ಮರೆತು ಹಿಂಬಾಲಿಸುತ್ತಾರೆ, ಮೊಬೈಲಿನ ತೆರೆಯ ಮೇಲೆ ಗೆರೆ ಗೆರೆಯಾಗಿ ಚಿತ್ರ ಇಳಿಯುತ್ತದೆ. 2025ರ ಜುಲೈಯಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಿಂದ ಮಕ್ಕಳು ಹ್ಯಾಮ್ ರೇಡಿಯೊದಲ್ಲೇ ಅವರ ಜೊತೆ ಮಾತಾಡಿದ್ದು ಟಿವಿಯಲ್ಲಿ ಬಂದಾಗ ನಮ್ಮ ಹುಡುಗರು ಮೊದಲು ಕೇಳಿದ್ದು, "ಆಂಟೆನಾ ಯಾವ್ದು ಸರ್?"

ಸಭೆಗಳಲ್ಲಿ ಪಾಲಕರು ಕೇಳುತ್ತಾರೆ: ಮೊಬೈಲ್ ಇರುವಾಗ ಇದು ಯಾಕ್ರೀ? ಹ್ಯಾಮ್‌ಗಳು ಕೂಡಲೇ ವಿಪತ್ತಿನ ಕತೆ ಹೇಳುತ್ತಾರೆ. ಅದು ಸುಳ್ಳಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ ಹ್ಯಾಮ್ ಭಾರತಿ ಪ್ರಸಾದ್ ತಮ್ಮ ತಂಡದೊಂದಿಗೆ ಅಲ್ಲಿನ ಪೋರ್ಟ್ ಬ್ಲೇರಿಗೆ ಹೋಗಿ ಹ್ಯಾಮ್ ಕೇಂದ್ರ ನಡೆಸುತ್ತಿದ್ದರು, ಬೇರೆಲ್ಲ ಸಂಪರ್ಕ ಕಡಿದಾಗ ಅವರ ರೇಡಿಯೊ ಜನರ ಸುದ್ದಿ ದಾಟಿಸಿತು. ಆದರೆ ಹದಿಮೂರು ವರ್ಷದ ಮಗು ಭೂಕಂಪಕ್ಕೆ ತಯಾರಾಗಲು ರೇಡಿಯೊಗೆ ಬರುವುದಿಲ್ಲ. ದೂರದ ದನಿಯೊಂದು ತನ್ನ ತಂತಿಗೆ ಸಿಕ್ಕಿತಲ್ಲ, ಅದಕ್ಕೆ ಬರುತ್ತದೆ. ಅಂಡಮಾನಿಗೆ ಹೋಗಿದ್ದ ಆ ತಂಡವೂ ದೂರದವರ ಜೊತೆ ಮಾತಾಡುವ ಆಸೆಯಿಂದಲೇ ಹೋಗಿದ್ದು.

ಇನ್ನು ಹಳ್ಳಿ ಶಾಲೆಯಲ್ಲಿ ಇದೆಲ್ಲ ಆಗದು ಎನ್ನುವವರಿಗೆ: ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಯದು. ಅವರು ಇಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಮೇಷ್ಟ್ರು. ಹೈದರಾಬಾದಿನ ಅಶರ್ ಫರ್ಹಾನ್ ಬಿಟ್‌ಎಕ್ಸ್ ಎಂಬ ಟ್ರಾನ್ಸೀವರ್ (ಕೇಳುವ, ಕಳಿಸುವ ಎರಡೂ ಕೆಲಸದ ರೇಡಿಯೊ) ರೂಪಿಸಿದಾಗ ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಬಳಸಿದರು, ನಮ್ಮ ಊರುಗಳಲ್ಲಿ ಸಿಗುವ ಸಾಮಾನಿನಿಂದಲೇ ಅದು ಆಗಬೇಕೆಂದು. ಅದನ್ನು ಲೋಕದ ಎಷ್ಟೋ ದೇಶಗಳ ಹ್ಯಾಮ್‌ಗಳು ಕಟ್ಟಿದ್ದಾರೆ.

ಎರಡು ಎಚ್ಚರಿಕೆ, ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಕರೆಂಟಿನ ತಂತಿ ಹಾದಿರುವ ಕಡೆ ಆಂಟೆನಾ ಎಸೆಯಕೂಡದು, ಮಳೆಗಾಲದ ಮುಂಚಿನ ಗುಡುಗು ಶುರುವಾದರೆ ಆಂಟೆನಾ ಬಿಚ್ಚಿ ಹೊರಗೇ ಬಿಡಬೇಕು. ಮತ್ತೆ, ಕೇಳಲು ಯಾರ ಅಪ್ಪಣೆಯೂ ಬೇಡ, ಆದರೆ ಲೈಸೆನ್ಸ್ ಇಲ್ಲದೆ ಒಂದು ಮಿಲಿವಾಟ್ ಕೂಡ ಪ್ರಸಾರ ಮಾಡಬಾರದು. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ಎಂಬ ಕೆಳಗಿನ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ) ಬೇಡ. ಕನ್ನಡದಲ್ಲಿ ಓದಲು ಸಾಕಷ್ಟು ಸಿಗದೆ ನಾನೇ ಟಿಪ್ಪಣಿ ಬರೆದಿದ್ದೇನೆ, 40 ಪುಟ. ಬೇಕಾದವರಿಗೆ ಕಳಿಸುತ್ತೇನೆ. ಈ ವರ್ಷ ನಮ್ಮ ಮೂವರು ಬರೆಯುತ್ತಾರೆ. ಎನಾಮಲ್ ಕೆರೆದ ಹುಡುಗಿಯೂ ಒಬ್ಬಳು.

ಬರುವ ಶನಿವಾರ ಹ್ಯಾಮ್‌ಗಳ ಆ 7 ಮೆಗಾಹರ್ಟ್ಸ್‌ಗೆ, ಅಂದರೆ 40 ಮೀಟರ್ ಬ್ಯಾಂಡಿಗೆ, ಡೈಪೋಲ್ ಎಂಬ ತಂತಿ ಆಂಟೆನಾ ಏರಿಸುತ್ತೇವೆ, ಎರಡೂ ಕಡೆ ಹತ್ತತ್ತು ಮೀಟರ್ ತಂತಿ. ಬಿದಿರಿನ ಗಳ ಸಿಕ್ಕಿದೆ. ಸಿಗದೇ ಇರುವುದು ಗ್ಯಾಂಗ್ ಕಂಡೆನ್ಸರ್, ಹೊಸದು ಎಲ್ಲಿ ಕೇಳಿದರೂ ಇಲ್ಲ ಅನ್ನುತ್ತಾರೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯವರು ಯಾರ ಮನೆಯಲ್ಲಾದರೂ ಅಜ್ಜನ ಕಾಲದ ಕೆಟ್ಟ ರೇಡಿಯೊ ಇದ್ದರೆ ಗುಜರಿಗೆ ಹಾಕಬೇಡಿ. ಸ್ಪೀಕರ್ ಹರಿದಿರಲಿ, ಪೆಟ್ಟಿಗೆ ಒಡೆದಿರಲಿ, ಗುಂಡಿ ತಿರುಗಿಸಿದರೆ ಒಳಗಿನ ಆ ಅಲ್ಯೂಮಿನಿಯಮ್ ಎಲೆಗಳು ಒಂದಕ್ಕೊಂದು ತಾಗದೆ ತಿರುಗುತ್ತಿದ್ದರೆ ಸಾಕು. ನಾನೇ ಬಂದು ಒಯ್ಯುತ್ತೇನೆ.